ನಮ್ಮ ಕೇರಿಗೆ ಬೀಳದ ಚಳಿ

ಬೀದರ್ ಸೀಮೆ
ಕಾರ್ತಿಕ ಮಾಸದ ತೊಂಬತ್ತನೇ ದಿನ, ಇಸವಿ ೨೧೯೧

ಹಿಂದಿನವರೇ,

ತಾರೀಖು ಕಂಡು ನಗಬೇಡಿ. ಚಳಿಗಾಲ ಬಂತೆಂದು ಹವಾಯಂತ್ರ ಒಪ್ಪುವ ತನಕ ನಮ್ಮಲ್ಲಿ ಕಾರ್ತಿಕ ಮುಗಿಯುವುದಿಲ್ಲ. ಮಾತು ಒರಟಾಗಿದ್ದರೆ ಕ್ಷಮಿಸಿ. ಹಲ್ಲು ಕಟಕಟ ಅನ್ನುವಾಗ ಬಾಯಿಂದ ನಯವಾದ ಮಾತು ಹೊರಡುವುದಿಲ್ಲ.

ನಾವು ಬೀದಿ ಗುಡಿಸುವವರು. ಈಗಲೂ ನಾವೇ. ಹಾರುವ ಬಂಡಿಗಳು ಬಂದವು, ಪೊರಕೆ ಮಾತ್ರ ನಮ್ಮ ಕೈಯಲ್ಲೇ ಉಳಿಯಿತು. ಚಳಿ ಬೀಳುತ್ತದೆಂದು ಯಂತ್ರ ಹೇಳಿದರೆ ‘ಚಳಿಚೀಟಿ’ ಬರುತ್ತದೆ. ಚೀಟಿ ಬಂದರೆ ಮಾತ್ರ ಕಂಬಳಿ ಕೋಣೆಯ ಬೀಗ ತೆಗೆಯುತ್ತಾರೆ. ಯಂತ್ರ ಚಳಿ ಅಳೆಯುವ ಚಂದ ಕೇಳಿ: ಯಾವ ಕೇರಿಗೆ ಎಷ್ಟು ಕಂಬಳಿ ಹೋಗಿದೆ ಎಂದು ಎಣಿಸುತ್ತದೆ. ಅದಕ್ಕೆ ವಿದ್ಯೆ ಕಲಿಸಿದ್ದು ನಿಮ್ಮ ಕಾಲದ ದಫ್ತರಗಳಿಂದ. ಅವುಗಳಲ್ಲಿ ನಮ್ಮ ಕೇರಿಗೆ ಕಂಬಳಿ ಕೊಟ್ಟ ಒಂದು ಸಾಲೂ ಇಲ್ಲ. ಆದ್ದರಿಂದ ನಮಗೆ ಚಳಿ ಬಿದ್ದೇ ಇಲ್ಲ. ಚಳಿ ಬೀಳದವರಿಗೆ ಕಂಬಳಿ ಯಾಕೆ? ಸಾಹೇಬರ ಓಣಿಗೆ ಮಾತ್ರ ಬೇಸಿಗೆಯಲ್ಲೂ ಚಳಿಚೀಟಿ.

ಹೋದ ವಾರ, ಉಸಿರು ಹೊಗೆಯಾಗುತ್ತಿದ್ದ ಮುಂಜಾನೆ, ನನ್ನವ್ವ ಮಾಳಮ್ಮ ಕಂಬಳಿ ಕೋಣೆಯ ಗುಮಾಸ್ತನ ಮುಂದೆ ನಿಂತಳು.

“ಸಾಹೇಬ್ರ, ಬೆರಳ ಸೆಟದಾವ ನೋಡ್ರಿ.”

“ಯಂತ್ರ ಬೆಚ್ಚಗ ಅದ ಅನ್ಲಾಕತ್ತದ, ನಾ ಏನ್ ಮಾಡ್ಲೆವ್ವ?” ಎಂದ ಅವನು, ಎರಡು ಕಂಬಳಿ ಹೊದ್ದುಕೊಂಡು.

“ಬೆಚ್ಚಗ ಅದ? ಹಂಗಾರ ನೀ ಯಾಕ ಕರಡಿ ಆಗಿ ಕುಂತಿ? ಕಂಬಳಿ ತಗದು ಬೀಸಣಿಗಿ ಹಿಡಿ!”

ಅವ್ವ ಪೊರಕೆಯ ಹಿಡಿಯಿಂದಲೇ ಬೀಗ ಒಡೆದಳು. ಕೇರಿಗೆ ನಲವತ್ತು ಕಂಬಳಿ ಬಂದವು. ಯಂತ್ರ ಎಣಿಸಿ ಬೆಚ್ಚಿಬಿತ್ತು: ಭಯಂಕರ ಚಳಿ, ನಾಳೆ ಊರಿಗೆಲ್ಲ ರಜೆ! ಮರುದಿನ ಸುಡುಬಿಸಿಲು. ಸಾಹೇಬರು ಬಾಗಿಲು ಹಾಕಿಕೊಂಡು ಬೆವೆತರು. ನಾವು ಬೀದಿ ಗುಡಿಸಿದೆವು; ರಜೆ ನಮಗಲ್ಲ. ಸಂಜೆ ಪೊಲೀಸರು ಕಂಬಳಿ ಜಪ್ತಿ ಮಾಡಿ ಅವ್ವನನ್ನು ಎಳೆದೊಯ್ದರು. ಕಂಬಳಿಗಳು ಕೋಣೆಗೆ ಮರಳಿದ್ದೇ ತಡ, ಯಂತ್ರ ಚಳಿಗಾಲವನ್ನೇ, ಅವ್ವ ಬೀಗ ಒಡೆದ ದಿನವನ್ನೂ ಸೇರಿಸಿ, ವಾಪಸು ಪಡೆಯಿತು.

ಚಳಿಯ ದಿನ ತೆಗೆದುಕೊಂಡರೆ ಕಂಬಳಿ ಹಕ್ಕು, ಬೆಚ್ಚನೆಯ ದಿನವಾದರೆ ಕಳವು. ನಾಡಿದ್ದು ವಿಚಾರಣೆ. ನ್ಯಾಯಾಲಯ ಯಂತ್ರವನ್ನು ನಂಬುತ್ತದೆ, ಯಂತ್ರ ನಿಮ್ಮ ದಫ್ತರವನ್ನು. ಅವ್ವನ ಸೆಟೆದ ಬೆರಳುಗಳನ್ನು ಯಾರೂ ನಂಬುವುದಿಲ್ಲ.

ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ನಾಳೆ ಮುಂಜಾನೆ ನಿಮ್ಮ ಬೀದಿ ಗುಡಿಸುವವಳ ಕೈ ಹಿಡಿದು ನೋಡಿ. ಮುಟ್ಟಲು ಹೇಸಿಗೆಯಾದರೆ ಅದನ್ನೂ ಬರೆದಿಡಿ. ಆಮೇಲೆ ಅವಳಿಗೊಂದು ಕಂಬಳಿ ಕೊಟ್ಟು ದಫ್ತರದಲ್ಲಿ ಒಂದೇ ಸಾಲು: ಈ ಕೇರಿಗೆ ಚಳಿ ಬಿತ್ತು, ಕಂಬಳಿ ಕೊಟ್ಟೆವು. ಕೊಡದೇ ಬರೆಯಬೇಡಿ; ಆ ವಿದ್ಯೆ ನಿಮಗೆ ಚೆನ್ನಾಗಿ ಬರುತ್ತದೆಂದು ಗೊತ್ತು.

ಬೇಗ ಬರೆಯಿರಿ. ಅವ್ವನನ್ನು ಕೂಡಿಹಾಕಿದ ಕೋಣೆಯೂ, ಯಂತ್ರದ ಪ್ರಕಾರ, ಬೆಚ್ಚಗಿದೆ.

ಮಾಳಮ್ಮನ ಮಗಳು
ಶಿವಲೀಲಾ