ಹದಿನಾಲ್ಕನೇ ನಂಬರಿನ ಸುದ್ದಿ

೩ ಮೇ ೧೯೪೪, ಬುಧವಾರ. ಸವಣೂರು

ಐದಕ್ಕೆ ಎದ್ದು ಬಸ್ಸಿನ ಹಿಂದಿನ ಒಲೆಗೆ ಇದ್ದಿಲು ತುಂಬಿದೆ. ಪೆಟ್ರೋಲು ಯುದ್ಧಕ್ಕೆ ಹೋಗಿದೆ, ನಮಗೆ ಇದ್ದಿಲು. ಅರ್ಧ ತಾಸು ಗಾಳಿಯ ಚಕ್ರ ತಿರುವಿ ಇದ್ದಿಲಿನ ಗ್ಯಾಸು ಎದ್ದ ಮೇಲೆ ಇಂಜಿನು ಕೆಮ್ಮಿತು. ಮುಖ, ಮೀಸೆ, ರುಮಾಲು ಎಲ್ಲ ಒಂದೇ ಬಣ್ಣ.

ಹಾನಗಲ್ಲಿಗೆ ಹೊರಟ ಮುದುಕನೊಬ್ಬ ಕೇಳಿದ, "ಹತ್ತಕ್ಕ ಮುಟ್ಟತೈತೇನಪಾ?"

"ಗೊತ್ತಿಲ್ರಿ. ನಿನ್ನೆ ಹನ್ನೆರಡಾತು. ಮೊನ್ನೆ ಮುಟ್ಟಲೇ ಇಲ್ಲ."

ಮುದುಕ ಇಳಿದು ಹೋಗಿ ಚಕ್ಕಡಿ ಹತ್ತಿದ. ಮಾಲಕಿ ಮರಿಯಮಬಿ ಎದುರಿನ ತಮ್ಮ ಕುರುಕಲು ಖಾರದ ಅಂಗಡಿಯಿಂದ ನೋಡುತ್ತಿದ್ದರು.

"ಉಳವಪ್ಪಾ, ನಿನಗ ಬಸ್ ನಡಸಾಕ ಬರತೈತಿ, ಬಾಯಿ ಮುಚ್ಚಾಕ ಬರಂಗಿಲ್ಲ ನೋಡು."

"ಸುಳ್ಳು ಹೇಳ್ಲೇನ್ರಿ ಚಾಚಿ?"

"ಸುಳ್ಳು ಯಾರು ಹೇಳಂದ್ರು? ದೇವರು ಮುಟ್ಟಿಸಿದ್ರ ಮುಟ್ಟತೈತಿ ಅನ್ನು. ಅದು ಖರೇನ ಅಲ್ಲೇನು?"

ಖರೆಯೇ. ಹೊಳೆಯಲಿಲ್ಲ.

ಗಂಡ ತೀರಿದ ಮೇಲೆ ಬಸ್ಸು, ಅಂಗಡಿ ಎರಡನ್ನೂ ಅವರೇ ನಡೆಸುತ್ತಾರೆ. ನಾನು ಸೇರಿ ಎರಡು ತಿಂಗಳು. ಅದಕ್ಕೆ ಮೊದಲು ಅಕ್ಕಿಆಲೂರಿನ ಅಕ್ಕಿ ಗಿರಣಿ, ಅದಕ್ಕೆ ಮೊದಲು ನಾಟಕ ಕಂಪನಿಯಲ್ಲಿ ಪರದೆ ಎಳೆಯುವುದು, ಅದಕ್ಕೆ ಮೊದಲು ಗದಗಿನ ಪ್ರೆಸ್ಸು... ಮಳೆಗಾಲ ಮುಗಿಯುವತನಕ ಉಳಿದರೆ ಹೆಚ್ಚು ಎಂದು ಚಾಚಿಯ ಅಂದಾಜು. ನನ್ನದೂ ಅದೇ.

೯ ಮೇ, ಮಂಗಳವಾರ

ರವಿವಾರ ಬಸ್ಸು ಬಾಡಿಗೆಗೆ. ಶಿಗ್ಗಾವಿಯ ನೀಲಪ್ಪ ವಕೀಲರು ಆಳು ಕಳಿಸಿದ್ದರು. ಪುಣೆಯಲ್ಲಿ ಅವರ ಜೊತೆ ಲಾ ಓದಿದವರು ಕೋರ್ಟಿನ ಬೇಸಿಗೆ ಸೂಟಿಯಲ್ಲಿ ವರ್ಷಕ್ಕೊಂದು ಊರಲ್ಲಿ ಕೂಡುತ್ತಾರಂತೆ. ಈ ಸಲ ಸವಣೂರು. ವೀಳ್ಯದೆಲೆ ತೋಟದಲ್ಲಿ ಊಟ. ಹಾವೇರಿ ಸ್ಟೇಶನ್ನಿನಿಂದ ಕರೆತರಬೇಕು.

ನೀಲಪ್ಪ... ಅವನ ಜೊತೆ ಓದಿದವರಲ್ಲಿ ನಾನೂ ಒಬ್ಬ. ಒಂದೇ ವರ್ಷ. ರೋಲ್ ನಂಬರ್ ಹದಿನಾಲ್ಕು.

ಕ್ಲಾಸಿಗಿಂತ ಮೋಟಾರು ಗ್ಯಾರೇಜಿನಲ್ಲಿ ಹೆಚ್ಚು ಇರುತ್ತಿದ್ದೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ಅದಕ್ಕೇ ಪ್ರಾಕ್ಸಿ — ಬಾರದವನ ನಂಬರಿಗೆ ಬಂದವನು 'ಹಾಜರ್' ಎನ್ನುವುದು. ಎಲ್ಲರೂ ಎಲ್ಲರಿಗೂ ಕೂಗುತ್ತಿದ್ದರು. ಒಂದು ದಿನ ನಾನು ತಡವಾಗಿ ಬಾಗಿಲಿಗೆ ಬರುವುದಕ್ಕೂ ನೀಲಪ್ಪ ನನ್ನ ನಂಬರಿಗೆ ಕೂಗುವುದಕ್ಕೂ ಸರಿಹೋಯಿತು. "ಸರ್, ಅದು ನಾನಲ್ಲ, ನಾನು ಈಗ ಬಂದೆ" ಎಂದೆ. ನನ್ನ ಹೆಸರಿನ ಹಿಂದಿನ ಪ್ರಾಕ್ಸಿಗಳನ್ನೂ ಹೇಳಿ ಹಾಜರಿಯಿಂದ ಹೊಡೆದುಹಾಕಿಸಿದೆ. ಹಾಜರಿ ಸಾಲದೆ ಟರ್ಮು ಹೋಯಿತು. ನಾನೂ ಹೋದೆ. ಅದಕ್ಕೆ ದುಃಖವಿಲ್ಲ. ಆವತ್ತಿನ ನೀಲಪ್ಪನ ಮೋರೆ ಮಾತ್ರ ಈಗಲೂ ಕಣ್ಣ ಮುಂದೆ ಬರುತ್ತದೆ.

ಡ್ರೈವರ್ ಎನ್ನಲು ನಾಚಿಕೆ ಇಲ್ಲ. ಆದರೆ ಒಮ್ಮೆ ಅವರ ಸಾಲಿನಲ್ಲಿ ಕೂತು ಉಣ್ಣಬೇಕು, ಅವರಲ್ಲಿ ಒಬ್ಬ ಅನ್ನಿಸಿಕೊಳ್ಳಬೇಕು ಎಂಬ ಆಸೆ ಇದೆ. ಇದೆ ಎಂದ ಮೇಲೆ ಬರೆಯಬೇಕು.

೧೪ ಮೇ, ರವಿವಾರ. ಸಂಜೆ



ಹಾವೇರಿಯಲ್ಲಿ ಎಂಟು ಜನ ಇಳಿದರು. ಒಬ್ಬನೂ ನನ್ನ ಗುರುತು ಹಿಡಿಯಲಿಲ್ಲ. ಮಸಿ, ಮೀಸೆ, ಮೇಲೆ ಇಷ್ಟು ವರ್ಷ. ಹುಬ್ಬಳ್ಳಿಯ ಗುದ್ಲೆಪ್ಪ ಟ್ರಂಕು ನನ್ನ ಕೈಗೆ ಕೊಟ್ಟು "ಹಗೂರಕಪಾ" ಎಂದ. ಆಗಲೇ ಹೇಳಬೇಕಿತ್ತು. ಟ್ರಂಕು ಹೊತ್ತು ಮೇಲೆ ಇಟ್ಟೆ. ಶಿಗ್ಗಾವಿಯಲ್ಲಿ ನೀಲಪ್ಪ ಹತ್ತಿದ. ನನ್ನತ್ತ ನೋಡದೆ ಹಿಂದೆ ಹೋಗಿ ಕೂತ.

ಊರು ದಾಟಿದ ಮೇಲೆ ಪರಮೇಶ್ವರಪ್ಪ ಎದ್ದು ನಿಂತು ಹಾಜರಿ ಕೂಗತೊಡಗಿದ. ಆಗ ಕ್ಲಾಸಿನ ಮುಂದಾಳು, ಈಗ ಗದಗಿನಲ್ಲಿ ವಕೀಲ. ಕೇಳುತ್ತ ಕೇಳುತ್ತ ಇವರ ಕಾಯಿದೆ ತಿಳಿಯಿತು. ನಂಬರು ಕೂಗಿದರೆ 'ಹಾಜರ್' ಎಂದು ವರ್ಷದ ಸುದ್ದಿ ಹೇಳಬೇಕು. ಹೋದ ವರ್ಷದ್ದನ್ನೇ ಹೇಳುವಂತಿಲ್ಲ. ಆಮೇಲೆ ಉಳಿದವರ ಪಾಟೀಸವಾಲು, ಥೇಟ್ ಕೋರ್ಟಿನ ಹಾಗೆ. ಬಾರದವನ ಸುದ್ದಿ ಗೆಳೆಯ ಹೇಳಬಹುದು. ಮೂರು ವರ್ಷ ಸುದ್ದಿಯೇ ಇಲ್ಲವೆಂದರೆ ಹೆಸರು ತೆಗೆಯುತ್ತಾರೆ.

ಗುದ್ಲೆಪ್ಪ ಹೇಳಿದ, "ಹುಬ್ಬಳ್ಯಾಗ ಪ್ರಾಕ್ಟೀಸ್ ಭರ್ಜರಿ ನಡದೈತಿ."

ಅಜ್ಜಪ್ಪ ಎದ್ದ. ಕ್ಲಾಸಿನಲ್ಲಿ ಎಲ್ಲರಿಗಿಂತ ಸಣಕಲ, ಈಗಲೂ ಹಾಗೇ. "ಹೋದ ವಾರ ನಿಮ್ಮ ಆಫೀಸಿಗೆ ಎಷ್ಟು ಮಂದಿ ಬಂದ್ರು?"

"ಇಬ್ಬರು."

"ಅದರಾಗ ಒಬ್ಬಾಕಿ ಕಸಾ ಹೊಡಿಯಾಕಿ. ಹೌದೋ ಅಲ್ಲೋ?"

"ಈ ಸವಾಲಿಗೆ ನನ್ನ ತಕರಾರು ಐತಿ."

ಬಸ್ಸೆಲ್ಲ ನಗು. ಅಜ್ಜಪ್ಪನದೇ ಸರದಿ ಬಂತು. "ಚಳವಳಿಯೊಳಗ ಹಿಡದ್ರು. ಹಿಂಡಲಗಾ ಜೇಲಿನಾಗ ಹತ್ತು ತಿಂಗಳು. ವಾರ್ಡರ್ ಮಂದಿಗೆ ರಜಾ ಅರ್ಜಿ ಬರಕೊಟ್ಟೆ. ಎಲ್ಲಾ ಮಂಜೂರಾದವು. ವಕೀಲಕಿಯೊಳಗ ನಾ ಒಂದೂ ಸೋಲದ ವರ್ಷ ಇದೊಂದ."

ಅವನಿಗೆ ಪಾಟೀಸವಾಲು ಯಾರೂ ಹಾಕಲಿಲ್ಲ. ಎದ್ದು ಒಬ್ಬೊಬ್ಬರೇ ಕೈ ಕುಲುಕಿದರು.

"ನಂಬರ್ ಹದಿನಾಲ್ಕು."

ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ.

"ಹಾಜರ್, ಪ್ರಾಕ್ಸಿ," ನೀಲಪ್ಪನ ದನಿ. "ಉಳವಪ್ಪಗ ಬಡ್ತಿ ಆತು. ರತ್ನಾಗಿರಿಗೆ ಸಬ್-ಜಡ್ಜ್."

ಚಪ್ಪಾಳೆ. ಹೋದ ವರ್ಷ ನಾನು ಮುನ್ಸೀಫನಾಗಿದ್ದೆನಂತೆ. ಅದಕ್ಕೆ ಮೊದಲು ಕಾರವಾರದಲ್ಲಿ ದೊಡ್ಡ ವಕೀಲ. ಉಳಿದ ಪರೀಕ್ಷೆ ಮುಂಬಯಿಯಲ್ಲಿ ಮುಗಿಸಿದ್ದೆನಂತೆ... ಗೇರು ಬದಲಿಸುವುದು ಮರೆತೆ. ಏರಿನಲ್ಲಿ ಬಸ್ಸು ನಿಂತಿತು.

ಎಲ್ಲರನ್ನೂ ಇಳಿಸಿ ನೂಕಿಸಿದೆ. ಕಿಟಕಿಯ ಪಕ್ಕ ಭುಜ ಕೊಟ್ಟಿದ್ದ ಗುದ್ಲೆಪ್ಪ ಏದುಸಿರಿನಲ್ಲೇ ಹೇಳಿದ, "ನೀಲಪ್ಪಾ, ನಮ್ಮ ಬೀಗರದೊಂದು ಅಪೀಲು ರತ್ನಾಗಿರಿಯೊಳಗ ಐತಿ. ಉಳವಪ್ಪಗ ಒಂದು ಮಾತು ಹಾಕು. ನಮ್ಮಂವನ ಅಲ್ಲೇನು?"

ಇನ್ನು ಸುಮ್ಮನಿದ್ದರೆ ನಾನು ವಶೀಲಿ ಕೇಳುವ ಜಡ್ಜ್. ಹೇಳಿದರೆ ನೀಲಪ್ಪನ ಮೋರೆ ಎರಡನೇ ಸಲ ಬಾಡುತ್ತದೆ, ಈ ಸಲವೂ ಎಲ್ಲರೆದುರು. ಇವರ ಸಾಲಿನ ಊಟವೂ ಹೋಯಿತು. ಕೈ ಬ್ರೇಕು ಎಳೆದು ಇಳಿದೆ. ಡಬ್ಬಿಯ ನೀರಿನಿಂದ ಮುಖ ತೊಳೆದೆ.

"ಹದಿನಾಲ್ಕನೇ ನಂಬರಿಗೆ ಪಾಟೀಸವಾಲು ಆಗಿಲ್ರಿ," ಎಂದೆ.

"ಅದು ನಿನಗ್ಯಾಕ ಬೇಕಪಾ, ಡ್ರೈವರ್?" ಎಂದ ಪರಮೇಶ್ವರಪ್ಪ.

"ಹದಿನಾಲ್ಕು ನಾನರಿ."

ನೀಲಪ್ಪ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. ಉಳಿದವರು ನನ್ನ ಸುತ್ತ ಒಂದು ಸುತ್ತು ಬಂದರು. ಅಜ್ಜಪ್ಪ ಮೀಸೆಯ ಕೆಳಗೆ ಬಗ್ಗಿ ನೋಡಿ, "ಹೌದು, ಅಂವನ," ಎಂದ.

ಪರಮೇಶ್ವರಪ್ಪ ಗಂಭೀರವಾಗಿ ನೀಲಪ್ಪನ ಮುಂದೆ ನಿಂತ. "ಸುಳ್ಳು ಸಾಕ್ಷಿ ಯಾಕ ಹೇಳಿದ್ರಿ?"

"ಸುದ್ದಿ ಇಲ್ಲಂದ್ರ ಹೆಸರು ತಗೀತಿದ್ರಿ. ಇಂವನ ನಂಬರ್ ಬಿಟ್ಟು ಹದಿಮೂರಾದ ಮ್ಯಾಲ ಹದಿನೈದು ಕೂಗೋದು ನನಗ ಕೇಳಾಕ ಆಗತಿರಲಿಲ್ಲ." ನೀಲಪ್ಪ ನೆಲ ನೋಡುತ್ತಲೇ ಹೇಳಿದ. "ಮೊದಲನೇ ವರ್ಷ ಆರಾಮ ಅದಾನ ಅಂದೆ. ಮರುವರ್ಷ ಅದನ್ನ ಹೇಳಾಕ ಬರಂಗಿಲ್ಲ. ಹೊಸಾದು ಬೇಕು. ಬಡ್ತಿ ಕೊಡಕೋತ ಹೋದೆ."

"ಇನ್ನೆರಡು ವರ್ಷ ಬಿಟ್ಟಿದ್ರ ಹೈಕೋರ್ಟ್ ಹತ್ತಸ್ತಿದ್ದೆಲ್ಲೋ," ಎಂದ ಅಜ್ಜಪ್ಪ.

"ಹತ್ತಸ್ತಿದ್ದೆ. ಮತ್ತೇನ್ ಮಾಡ್ಲಿ?"

ಮೊದಲು ನಕ್ಕವನು ಗುದ್ಲೆಪ್ಪ. ಆಮೇಲೆ ಯಾರೂ ಉಳಿಯಲಿಲ್ಲ. ನಾನು ನೀಲಪ್ಪನ ಪಕ್ಕದಲ್ಲಿ ಕೂತೆ. ಅವನು ನನ್ನ ಬೆನ್ನಿಗೊಂದು ಗುದ್ದಿದ. ಜೋರಾಗಿಯೇ.

"ಏಳು, ನಿನ್ನ ಖರೇ ಸುದ್ದಿ ಹೇಳು," ಪರಮೇಶ್ವರಪ್ಪ ನನ್ನ ಕಡೆ ತಿರುಗಿದ.

"ಬಸ್ ಓಡಸ್ತೇನಿ."

"ಓಡಸ್ತೀ? ಈಗ ಇದನ್ನ ನೂಕಾಕತ್ತಿದ್ದವರು ಯಾರು?"

"ಅರ್ಧ ಓಡಸ್ತೇನಿ."

"ದಾಖಲಾತು. ನಂಬರ್ ಹದಿನಾಲ್ಕು?"

"ಹಾಜರ್," ಎಂದೆ. ನನ್ನ ಬಾಯಿಂದಲೇ.

ತೋಟದಲ್ಲಿ ಊಟಕ್ಕೆ ಕೂತಾಗ ನನ್ನನ್ನು ನಡುವೆ ಕೂಡಿಸಿದರು. ಖಾರ ತಂದ ಚಾಚಿ ನಿಂತು ನೋಡಿದರು. ಅಜ್ಜಪ್ಪ ಪರಿಚಯ ಹೇಳಿದ, "ಇವರು ಜಡ್ಜ್ ಸಾಹೇಬ್ರು. ಇವತ್ತ ಮುಂಜಾನೆ ನೌಕರಿ ಬಿಟ್ರು."

"ಬಿಡ್ತಾನ್ರಿ, ಅಂವಗ ಅದೊಂದು ಚಲೋ ಬರತೈತಿ," ಎಂದರು ಚಾಚಿ. "ನನ್ನ ಬಸ್ ಯಾವಾಗ ಬಿಡ್ತಾನಂತ ನಾನೂ ಕಾಯಾಕತ್ತೇನಿ."

ತೀರ್ಪು: ಮುಂದಿನ ವರ್ಷ ನನ್ನ ಊರು ಹಿರೇಕೆರೂರಿನಲ್ಲಿ. ಬಡಿಸುವವರು ನಾನು, ನೀಲಪ್ಪ. ಶಿಗ್ಗಾವಿಯಲ್ಲಿ ಇಳಿಯುವಾಗ ಅವನು ಕಿವಿಯಲ್ಲಿ ಹೇಳಿದ, "ಇನ್ನ ನಿನ್ನ ಸುದ್ದಿ ನೀನ ಹೇಳು. ನನಗ ಸಾಕಾಗೈತಿ."

೨ ನವೆಂಬರ್

ಮಳೆಗಾಲ ಮುಗಿಯಿತು. ಇದ್ದೇನೆ. ಇವತ್ತು ಚಾಚಿ ಕೊಟ್ಟ ಖಾರದ ಪೊಟ್ಟಣ ಎಂದಿಗಿಂತ ದೊಡ್ಡದಿತ್ತು.

೧೦ ಮೇ ೧೯೪೫, ಗುರುವಾರ

ಯುರೋಪಿನಲ್ಲಿ ಯುದ್ಧ ನಿಂತಿತಂತೆ. ಇಲ್ಲಿ ಇನ್ನೂ ಇದ್ದಿಲೇ.

ರವಿವಾರ ಹಿರೇಕೆರೂರು. ಸುದ್ದಿ ಏನು ಹೇಳಲಿ? ಅದೇ ಬಸ್ಸು, ಅದೇ ದಾರಿ, ಅದೇ ಕೆಮ್ಮು. ಹೋದ ವರ್ಷದ್ದನ್ನೇ ಹೇಳುವಂತಿಲ್ಲ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ನೀಲಪ್ಪನನ್ನು ಕೇಳಿದೆ. "ಕಂಡಕ್ಟರ್ ಅಂತ ಶುರು ಮಾಡಬೇಕಿತ್ತು ನೀನು. ಡ್ರೈವರ್‌ಗೆ ಮುಂದ ಬಡ್ತಿ ಎಲ್ಲೈತಿ?" ಎಂದು ನಗುತ್ತಾನೆ. ಈಗ ಗೊತ್ತಾಯಿತು ಅವನು ಪಟ್ಟ ಪಾಡು.

೧೩ ಮೇ, ರವಿವಾರ. ಹಿರೇಕೆರೂರು, ಕೆರೆಯ ದಂಡೆ

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಹುಣಸೆ ಮರದ ಕೆಳಗೆ ಹಾಜರಿ ನಡೆದಿದೆ. ಗುದ್ಲೆಪ್ಪನ ಆಫೀಸಿಗೆ ಈಗ ಕಸದವಳನ್ನು ಬಿಟ್ಟೂ ನಾಲ್ವರು ಬರುತ್ತಾರಂತೆ. ಪಾಟೀಸವಾಲಿನಲ್ಲಿ ಮೂವರು ಉಳಿದರು.

ದಾರಿಯಲ್ಲಿ ಹೊಳೆಯಿತು. ಪುಣೆ ಬಿಟ್ಟಾಗಿನಿಂದ ನಾನು ಎಲ್ಲಿಯೂ ಒಂದು ವರ್ಷ ನಿಂತವನಲ್ಲ. ಈ ಸಲ ನಿಂತೆ. ಅದೇ ಬಸ್ಸು, ಅದೇ ಚಾಚಿ. ಉಳಿದವರ ಬಾಯಲ್ಲಿ ಇದು ಸುದ್ದಿಯೇ ಅಲ್ಲ. ನನಗೆ ಇದಕ್ಕಿಂತ ಹೊಸದು ಯಾವುದೂ ಇಲ್ಲ. ಪಾಟೀಸವಾಲಿಗೆ ಸಾಕ್ಷಿ ಬೇಕೆಂದು ಚಾಚಿಯನ್ನೂ ಕರೆತಂದಿದ್ದೇನೆ. ಖಾರದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಾರೆ. ಕೇಳಿದರೆ ಏನು ಹೇಳುತ್ತಾರೋ ದೇವರಿಗೇ ಗೊತ್ತು.

ಹದಿಮೂರು ಮುಗಿಯಿತು. ನೀಲಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ಬಸ್ಸಿನ ಕಡೆಗೇ ನೋಡುತ್ತಿದ್ದಾನೆ. ಪರಮೇಶ್ವರಪ್ಪ ಹದಿನಾ—