ಡ್ರಿಮಿನ್ನಿನ ರಕ್ತಪರೀಕ್ಷೆ

ಮೊನಾಹನ್,
ಅಕ್ಟೋಬರ್ ೧೪

ನನ್ನ ಮುದ್ದು ಡೆರ್ವ್ಲಾ,

ಫೋನಿನಲ್ಲಿ ಹೇಳೋಣವೆಂದರೆ, ನೀನು "ಹೇಳಮ್ಮಾ" ಅನ್ನುವುದರೊಳಗೆ ನನ್ನ ಬಾಯಿಗೆ ಜಗಳ ಬಂದುಬಿಡುತ್ತದೆ. ಅದಕ್ಕೇ ಈ ಪತ್ರ. ಮೊದಲು ಒಳ್ಳೆಯ ಸುದ್ದಿ. ಕ್ಷಯರೋಗಕ್ಕೆಂದು ಸರ್ಕಾರದವರು ನಮ್ಮ ಮಂದೆಗೆ ಹಾಕಿದ್ದ ಬೀಗ ತೆಗೆದರು! ಮೂರು ವರ್ಷ ಒಂದು ಕರುವನ್ನೂ ಗೇಟಿನಾಚೆ ಮಾರಲಾಗದೆ ಕೂತಿದ್ದೆವಲ್ಲ, ಈಗ ಅರವತ್ತು ದಿನಗಳ ಅಂತರದಲ್ಲಿ ಎರಡು ಪರೀಕ್ಷೆ ಆಯಿತು, ಎರಡರಲ್ಲೂ ಒಂದು ಹಸುವಿಗೂ ಕ್ಷಯವಿಲ್ಲ. ಆ ಕಾಗದವನ್ನು ನಿಮ್ಮಪ್ಪ ಅಡುಗೆಮನೆಯಲ್ಲಿ ನಿನ್ನ ಪದವಿಯ ಫೋಟೋ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದಾರೆ.

ಈಸ್ಟರ್ ಹಬ್ಬದ ದಿನ ಕುರಿಮಾಂಸ ತಟ್ಟೆಗೆ ಬೀಳುವ ಮುಂಚೆಯೇ ನೀನು, "ಅಮ್ಮಾ, ನಂಗೆ ಡ್ರಿಮಿನ್ ಮೇಲೇ ಅನುಮಾನ" ಅಂದೆ. ನಾನು ಉರಿದುಬಿದ್ದೆ. ಹದಿನಾಲ್ಕು ವರ್ಷದಿಂದ ಮನೆಮಗಳಂತೆ ಇದ್ದ ಹಸು. ಪ್ರತಿ ಸಲವೂ ಕುತ್ತಿಗೆಗೆ ಎರಡು ಸೂಜಿ ಹಾಕಿ, ಮೂರನೆಯ ದಿನ ದನದ ಡಾಕ್ಟರು ಕಾನ್ಲನ್ ಬಂದು ಅಳೆದರೆ, ಕ್ಷಯವಿದ್ದರೆ ಊದಬೇಕಾದ ಜಾಗದಲ್ಲಿ ಒಂದು ಕಡಲೆಯಷ್ಟೂ ಊತವಿರುತ್ತಿರಲಿಲ್ಲ. "ತುಂಬಾ ವರ್ಷ ಕಾಯಿಲೆ ಇಟ್ಕೊಂಡ ಮುದಿ ಹಸುವಿನ ಮೈ ಸೂಜಿಗೆ ಊದೋದನ್ನೇ ಬಿಟ್ಬಿಡತ್ತಮ್ಮಾ, ರಕ್ತ ನೋಡಿದ್ರೇನೇ ಗೊತ್ತಾಗೋದು" ಎಂದು ನೀನು ಸಮಾಧಾನದಿಂದಲೇ ಹೇಳಿದೆ. ನಾನೋ, "ಆ ವಿದ್ಯೆ ನಿನ್ನ ಲ್ಯಾಬಿನಲ್ಲಿ ತೋರ್ಸು. ಮಂದೆ ಸರಿಹೋಗೋವರೆಗೂ ಈ ಗೇಟು ದಾಟಬೇಡ" ಅಂದುಬಿಟ್ಟೆ. ನೀನು ರಕ್ತಪರೀಕ್ಷೆಯ ಅರ್ಜಿಯನ್ನು ಮೇಜಿನ ಮೇಲಿಟ್ಟು, ಊಟ ಮಾಡದೆ ಹೊರಟುಹೋದೆ.

ಅದಾದ ಮೇಲೆ ಒಂದು ದಿನ ಡಾಕ್ಟರ್ ಕಾನ್ಲನ್ ಸುಮ್ಮನೆ ಈ ಕಡೆ ಬಂದವರು, ಮೇಜಿನ ಮೇಲಿದ್ದ ಅರ್ಜಿ ನೋಡಿ ಜಿಗಣೆಯಂತೆ ಹಿಡಿದರು. ಅವರ ಕಾಟ ತಡೆಯಲಾರದೆ ಹೂಂ ಅಂದೆ. ಎಲ್ಲ ಹಸುಗಳ ರಕ್ತ ತೆಗೆದರು. ದೋಷ ಸಿಕ್ಕಿದ್ದು ಒಂದರಲ್ಲೇ. ಡ್ರಿಮಿನ್‌ನಲ್ಲಿ.

ಲಾರಿ ಬಂದಾಗ ಅದು ತಾನಾಗಿ ಹತ್ತಿತು ಕಣೇ. ಎಲ್ಲಕ್ಕೂ ಮೊದಲು ಹೆಜ್ಜೆ ಇಡುವುದು ಅದರ ಅಭ್ಯಾಸವಲ್ಲವೇ. ನಾನು ಅತ್ತುಬಿಟ್ಟೆ, ಮುಚ್ಚಿಡುವುದೇನು. ಕಸಾಯಿಖಾನೆಯವರು ಶ್ವಾಸಕೋಶ ಸೀಳಿದರೆ ಒಳಗೆಲ್ಲ ಗಂಟುಗಳಂತೆ.

ತಪ್ಪು ಎಲ್ಲಿತ್ತು ಗೊತ್ತೇ? ಚಳಿಗಾಲ ಶುರುವಾಗಿ ಎಳೆ ಕಡಸುಗಳನ್ನು ಮೊದಲ ಸಲ ಕೊಟ್ಟಿಗೆಗೆ ಕೂಡಿದಾಗ, ಅವು ಬೆದರದಿರಲೆಂದು ನಡುವೆ ಡ್ರಿಮಿನ್‌ನನ್ನು ಬಿಡುತ್ತಿದ್ದೆನಲ್ಲ, ನನ್ನ ಅತ್ತೆ ಕಲಿಸಿದ ಪದ್ಧತಿ. ಒಂದೇ ಗೋದಲಿ, ಒಂದೇ ನೀರಿನ ತೊಟ್ಟಿ. ಪಾಠ ಹೇಳಲೆಂದು ಬಿಟ್ಟ ಮೇಡಂ ವರ್ಷವರ್ಷವೂ ಮಕ್ಕಳಿಗೆ ಕ್ಷಯ ಹಂಚುತ್ತಿದ್ದಳು. ಕುತ್ತಿಗೆ ಊದಿದ ಕಡಸುಗಳು ಲಾರಿ ಹತ್ತಿದವು, ಊದದ ಮೇಡಂ ಮುಂದಿನ ತರಗತಿಗೆ ಹೋದಳು. ಮನೆದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಡುತ್ತದೆಯೇ? ಈಗ ಹತ್ತು ವರ್ಷ ದಾಟಿದ ಹಸುಗಳಿಗೆ ಸೂಜಿಯ ಜೊತೆ ರಕ್ತಪರೀಕ್ಷೆಯನ್ನೂ ಮಾಡಿಸುತ್ತೇನೆ. ಕಡಸುಗಳ ಕೊಟ್ಟಿಗೆಯೇ ಬೇರೆ. ಅವು ಬೆದರದಂತೆ ಸಂಜೆ ನಾನೇ ಸ್ಟೂಲು ಹಾಕಿಕೊಂಡು ಕೂತು ಜಪಮಾಲೆ ಹೇಳುತ್ತೇನೆ. "ಇನ್ನೇನು, ಭಾನುವಾರ ಅವನ್ನೂ ಚರ್ಚಿಗೆ ಕರ್ಕೊಂಡು ಹೋಗು" ಎನ್ನುತ್ತಾರೆ ನಿಮ್ಮಪ್ಪ.

ಪಕ್ಕದ ಹೊಲದ ಫೆಲಿಮ್‌ನ ಮನೆಗೂ ಹೋಗಿದ್ದೆ. ಅವನ ಹಸುಗಳು ಬೇಲಿಯ ಮೇಲಿಂದ ಉಸಿರು ಬಿಟ್ಟೇ ನಮಗೆ ರೋಗ ಬಂತೆಂದು ಮೂರು ವರ್ಷ ಅವನ ಜೊತೆ ಮಾತು ಬಿಟ್ಟಿದ್ದೆನಲ್ಲ. ಸೇಬಿನ ಟಾರ್ಟ್ ಕೈಗಿಟ್ಟು, ತಪ್ಪಾಯಿತು ಅಂದೆ. ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡು, "ನನ್ನದಿರಲಿ ಬಿಡಕ್ಕಾ. ಕಾಡಂಚಿನ ಬ್ಯಾಡ್ಜರ್‌ಗಳಿಗೂ ನೀನು, ರೋಗ ಹರಡ್ತಾವೆ ಅಂತ, ಬಾಯಿಗೆ ಬಂದಹಾಗೆ ಬೈದಿದ್ದೆ, ಪಾಪ, ಅವುಗಳ ಬಿಲಕ್ಕೂ ಒಂದು ಟಾರ್ಟ್ ತಗೊಂಡು ಹೋಗು" ಅಂದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ನಿನ್ನ ಮುಂದೆ ಮಾತ್ರ ಟಾರ್ಟ್ ಸಾಲದು ಎಂದು ಗೊತ್ತು. ನೀನು ಹೇಳಿದ್ದು ಸರಿ, ನಾನು ಅಂದದ್ದು ತಪ್ಪು. ಇಷ್ಟು ಬರೆಯಲು ಆರು ತಿಂಗಳು ಬೇಕಾಯಿತು. ಹ್ಯಾಲೋವೀನ್‌ಗೆ ಬಾ ಮಗಳೇ. ಗೇಟು ತೆರೆದೇ ಇದೆ, ಈ ಸಲ ಊಟ ಮಾಡಿಯೇ ಹೋಗಬೇಕು.

ನಿನ್ನ ಹಟಮಾರಿ ಅಮ್ಮ,
ಊನಾ

ಮರೆತಿದ್ದೆ: ಡಾಕ್ಟರ್ ಕಾನ್ಲನ್ ಕಾಟ ಕೊಟ್ಟರು ಎಂದು ಬರೆದಿದ್ದೇನಲ್ಲ, ಅದು ಸುಳ್ಳು. ಈಸ್ಟರ್ ದಿನ ನಿನ್ನ ಕಾರು ಹಾಲಿನ ಡೇರಿಯ ತಿರುವು ದಾಟುವ ಮುಂಚೆಯೇ ಅರ್ಜಿಗೆ ಸಹಿ ಹಾಕಿ, ನಾನೇ ಅವರಿಗೆ ಫೋನ್ ಮಾಡಿದ್ದೆ. ನಿನ್ನ ಮಾತು ನಿಜವೆಂದು ನೀನು ಹೇಳುತ್ತಿರುವಾಗಲೇ ನನಗೆ ಗೊತ್ತಾಗಿತ್ತು. ಅದಕ್ಕೇ ಅಷ್ಟು ಜೋರಾಗಿ ಕೂಗಿದ್ದು.