ಊರಿನ ಮರಳು

ನವೆಂಬರ್ 21, ಗುರುವಾರ. ಬೆಳಿಗ್ಗೆ 5.10

ಎದ್ದೆ. ಕಾಫಿ. ಬಾಗಿಲು ತೆಗೆದು ಮೂಗೆತ್ತಿ ನಿಂತೆ. ಹಿಮದ ವಾಸನೆ ಬಂದೇ ಬಂತು! ರೇಡಿಯೋದವನೂ ನಾಳೆ ಎಂಟು ಇಂಚು ಎನ್ನುತ್ತಿದ್ದಾನೆ. ಲಾರಿಗೆ ಗ್ರೀಸು ಹಾಕಿದ್ದು ಈ ವಾರ ಮೂರನೇ ಸಲ. ಕ್ಲೇಟನ್ ಹಾಸಿಗೆಯಿಂದಲೇ ರೇಗಿಸಿದ — "ನಮ್ಮ ಮದುವೆ ದಿನಾನೂ ಇಷ್ಟು ಬೇಗ ಎದ್ದಿರ್ಲಿಲ್ವಲ್ಲೇ ನೀನು!"

ನಮ್ಮ ಮದುವೆ ದಿನ ಲಾರಿಗೆ ಹಿಮ ತಳ್ಳುವ ಪ್ಲೋ ಕಟ್ಟಿರಲಿಲ್ಲ, ಅದಕ್ಕೇ.

ಮಾರ್ಚ್ ತಿಂಗಳ ಊರ ಸಭೆ ನೆನೆದರೆ ಈಗಲೂ ನಗು ಬರುತ್ತದೆ. ಹನ್ನೆರಡು ವರ್ಷ ಶಾಲೆ ಬಸ್ ಓಡಿಸಿದವಳು ನಾನು. ಪ್ರತಿ ವರ್ಷದ ಹಾಗೆ ಎದ್ದು ನಿಂತು ಟೋಜಿಯರ್ ಗುಡ್ಡದ ರಸ್ತೆ ಚಳಿಗಾಲದಲ್ಲಿ ಗಡ್ಡೆ ಕಟ್ಟಿ ಗಾಜಿನ ಹಾಗೆ ಆಗುತ್ತದೆ ಎಂದು ದೂರಿದೆ. ಮರ್ಟನ್ ಟೋಜಿಯರ್ — ಇಪ್ಪತ್ತೆರಡು ವರ್ಷದಿಂದ ನಮ್ಮ ರೋಡ್ ಕಮಿಷನರ್, ಊರ ರಸ್ತೆಯ ಹಿಮ ತಳ್ಳಿ ಜಾರದ ಹಾಗೆ ಮರಳು ಹಾಕುವವನು, ಆ ಗುಡ್ಡದ ತುದಿಯಲ್ಲೇ ಮನೆ — ಕೂತಲ್ಲಿಂದಲೇ "ಅಷ್ಟು ಗೊತ್ತಿದ್ರೆ ನೀನೇ ಮಾಡಮ್ಮ ರೊವೀನಾ" ಅಂದ. ಹಿಂದಿನ ಸಾಲಿನಿಂದ ಯಾರೋ ತಮಾಷೆಗೆ ನನ್ನ ಹೆಸರು ಸೂಚಿಸಿದರು. ಕೈ ಎಣಿಸಿದರೆ ನನಗೆ ನಲವತ್ತೊಂದು, ಅವನಿಗೆ ಮೂವತ್ತೆಂಟು! ಸಭೆಯ ನಗು ಅಲ್ಲಿಗೇ ನಿಂತಿತು. ನನ್ನದೂ.

ಈಗ ಹದಿನೆಂಟು ಮೈಲಿ ರಸ್ತೆ ನನ್ನದು.

ನವೆಂಬರ್ 22, ಶುಕ್ರವಾರ. ಮಧ್ಯಾಹ್ನ

ಒಂಬತ್ತು ಇಂಚು! ಹದಿನೆಂಟು ಮೈಲಿ ಎರಡು ಸಲ ತಳ್ಳಿದೆ. ಬ್ಲೇಡಿನಿಂದ ಹಿಮ ಸುರುಳಿ ಸುರುಳಿಯಾಗಿ ಏಳುವುದನ್ನು ನೋಡುತ್ತಾ ಒಬ್ಬಳೇ ಕಿರುಚಿದೆ. ಇಷ್ಟು ಖುಷಿ ಆಗುತ್ತದೆ ಅಂತ ಯಾಕೆ ಯಾರೂ ಹೇಳಿರಲಿಲ್ಲ? ಮುದುಕ ಇಪ್ಪತ್ತೆರಡು ವರ್ಷ ಈ ಸುಖ ಒಬ್ಬನೇ ಅನುಭವಿಸಿದ್ದಾನೆ.

ಮನೆಗೆ ಬಂದೊಡನೆ ಅವನದೇ ಫೋನು.

"ಏನಮ್ಮಾ, ನನ್ನ ಗೇಟಿಗೆ ಗೋಡೆ ಕಟ್ಟಿ ಹೋಗಿದ್ದೀಯ?"

"ಪ್ಲೋ ಹೋದ ಕಡೆ ಹಿಮದ ದಿಬ್ಬ ಬೀಳುತ್ತೆ ಮರ್ಟನ್. ನನ್ನ ಗೇಟಿಗೆ ನೀವು ಇಪ್ಪತ್ತೆರಡು ವರ್ಷ ಕಟ್ಟಿದ್ರಲ್ಲ, ಅದೇ ಗೋಡೆ."

"ನಾನು ಇಷ್ಟು ವಕ್ರ ಕಟ್ಟಿರ್ಲಿಲ್ಲ" ಅಂದು ಇಟ್ಟುಬಿಟ್ಟ.

ಡಿಸೆಂಬರ್ 9, ಸೋಮವಾರ

ಊರಿನ ಮರಳು ಶೆಡ್ಡಿನಲ್ಲಿ ಮರ್ಟನ್ ಹೆಂಡತಿ ವರ್ನಾ ಸಿಕ್ಕಳು. ಬಕೆಟ್ ತುಂಬಿಸಿಕೊಳ್ಳುತ್ತಿದ್ದಳು. ಒಂದು ಸಲ ಹಿಮ ಬಿದ್ದರೆ ಮನೆಗೆ ಎರಡು ಬಕೆಟ್, ಅದು ನಿಯಮ. ಮಿಕ್ಕ ಮರಳೆಲ್ಲ ಊರಿನ ರಸ್ತೆಗೆ, ಯಾರ ಅಂಗಳಕ್ಕೂ ಅಲ್ಲ. ಎತ್ತಲು ಕೈ ಕೊಟ್ಟೆ. ಅಲ್ಲೇ ಅತ್ತುಬಿಟ್ಟಳು.

ಮರ್ಟನ್‌ಗೆ ಕಿಡ್ನಿ ಹೋಗಿದೆಯಂತೆ. ಎರಡು ವಾರದಿಂದ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ, ಪೇಟೆಗೆ ಒಂದು ಗಂಟೆ ದಾರಿ. "ಯಾರಿಗೂ ಹೇಳ್ಬೇಡ ಕಣೇ. ನಾನು ಹೇಳ್ದೆ ಅಂತ ಗೊತ್ತಾದ್ರೆ ಅವ್ನು ನನ್ನನ್ನ ಮನೆಗೆ ಸೇರಿಸಲ್ಲ."

ಅವರ ಮನೆ ಅಂಗಳ ರಸ್ತೆಗಿಂತ ಕಡಿದು. ಲಾರಿ ತಂದು ಒಂದು ಸುತ್ತು ಮರಳು ಎರಚಿಬಿಡಲಾ ಅಂದೆ. ಹೌಹಾರಿದಳು. "ಅಯ್ಯೋ ಬೇಡ! ಹೆತ್ತ ತಾಯಿ ಜಾರಿ ಬಿದ್ದು ಸೊಂಟ ಮುರ್ಕೊಂಡಾಗ್ಲೂ ಊರಿನ ಮರಳು ಒಂದು ಸೌಟು ಹಾಕಿಸ್ಲಿಲ್ಲ ಆ ಮನುಷ್ಯ."

ಹಾಗಾದರೆ ರಸ್ತೆಯನ್ನಾದರೂ ಸರಿಯಾಗಿ ಇಡಬೇಕು. ವಾರಕ್ಕೆ ಮೂರು ದಿನ, ಏನೇ ಆಗಲಿ.

ಡಿಸೆಂಬರ್ 20, ಶುಕ್ರವಾರ

ಜಾರಿದೆ.

ಟೋಜಿಯರ್ ಗುಡ್ಡ. ಮುಕ್ಕಾಲು ಭಾಗ ಹತ್ತಿದ್ದೆ. ಚಕ್ರ ತಿರುಗುತ್ತಿದೆ, ಲಾರಿ ಮಾತ್ರ ಹಿಂದಕ್ಕೆ... ಬ್ರೇಕ್ ತುಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇನ್ನೂರು ಅಡಿ. ಹಿಮದ ದಿಬ್ಬ ತಡೆಯಿತು, ಇಲ್ಲದಿದ್ದರೆ ಹಳ್ಳ.

ಮೇಲೆ ಕಿಟಕಿಯಲ್ಲಿ ಮರ್ಟನ್. ನೋಡುತ್ತಾ ನಿಂತಿದ್ದ. ಕೈ ಕೂಡ ಆಡಿಸಲಿಲ್ಲ.

ಜನವರಿ 6, ಸೋಮವಾರ

ಹದಿನೇಳು ದಿನ ಬರೆದಿಲ್ಲ. ಬರೆಯಲು ಮುಖವಿರಲಿಲ್ಲ. ಅದೃಷ್ಟಕ್ಕೆ ಬರೀ ಪುಡಿ ಹಿಮ ಬಿತ್ತು, ಮರ್ಟನ್‌ನ ಒಂದು ಡಯಾಲಿಸಿಸ್ ಸರದಿಯೂ ತಪ್ಪಲಿಲ್ಲ.

ಇವತ್ತು ಶೆಡ್ಡಿಗೆ ಅವನೇ ಬಂದ. ಇಳಿದುಹೋಗಿದ್ದಾನೆ, ಕೋಟು ಬೇರೆಯವರದ್ದು ಅನ್ನುವ ಹಾಗಿದೆ. ಎರಡು ಬಕೆಟ್ ತುಂಬಿದ. ಹೋಗುವಾಗ ತಿರುಗಿದ.

"ನಿನ್ನ ಲಾರೀಲಿ ಮರಳು ಎಲ್ಲಿಂದ ಬೀಳುತ್ತೆ?"

"ಹಿಂದಿನಿಂದ."

"ಲಾರೀನ ತಳ್ಳೋ ಚಕ್ರ ಎಲ್ಲಿದೆ?"

"ಮರಳು ಬೀಳೋದಕ್ಕಿಂತ ಮುಂದೆ..." ಅಂದೆ. ಅಂದವಳು ಹಾಗೇ ಬಾಯಿ ಬಿಟ್ಟುಕೊಂಡು ನಿಂತೆ.

"ಹ್ಞೂಂ. ಮುಂದಕ್ಕೆ ಹತ್ತಿದ್ರೆ ಬರೀ ಮಂಜುಗಡ್ಡೆ ಮೇಲೆ ಹೋಗ್ತೀಯ. ರಿವರ್ಸಲ್ಲಿ ಹತ್ತಿದ್ರೆ ನೀನೇ ಹಾಕಿದ ಮರಳಿನ ಮೇಲೆ ಹೋಗ್ತೀಯ."

"ಇದನ್ನ ಮುಂಚೇನೇ ಯಾಕೆ ಹೇಳ್ಲಿಲ್ಲ ನೀವು?"

"ನೀನು ಕೇಳಿದ್ಯಾ?"

ಥೂ ಮುದುಕ! ಆದರೆ ಕುಣಿದಾಡುವಷ್ಟು ಖುಷಿ. ಜಲ್ಲಿ ಕ್ವಾರಿಯ ಏರಿನಲ್ಲಿ ಸಂಜೆಯವರೆಗೂ ರಿವರ್ಸ್ ಹತ್ತಿದೆ, ಬರೀ ಕನ್ನಡಿ ನೋಡಿಕೊಂಡು. ಕತ್ತು ಹಿಡಿದುಕೊಂಡಿದೆ. ನಾಳೆ ಮತ್ತೆ.

ಜನವರಿ 23, ಗುರುವಾರ. ಸಂಜೆ

ಬೆಳಿಗ್ಗೆಯಿಂದ ಮಳೆ. ಬಿದ್ದಲ್ಲೇ ಗಡ್ಡೆ ಕಟ್ಟುವ ಮಳೆ. ಹಾಕಿದ ಮರಳು ಹತ್ತೇ ನಿಮಿಷದಲ್ಲಿ ಗಾಜಿನಡಿ ಹೋಗುತ್ತದೆ. ಹೆದ್ದಾರಿಗೆ ಮರ ಬಿದ್ದು ಪೇಟೆ ದಾರಿ ಬಂದ್. ಮರ್ಟನ್‌ಗೆ ಇವತ್ತಿನ ಸರದಿ ತಪ್ಪಿತು.

ಜನವರಿ 24, ಶುಕ್ರವಾರ

ಇನ್ನೂ ಮಳೆ. ವರ್ನಾ ಫೋನು — ಕಾಲು ಊದಿದೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ, ಕುರ್ಚಿಯಲ್ಲೇ ಕೂತಿದ್ದಾನೆ. ಆಂಬುಲೆನ್ಸ್ ಗುಡ್ಡದ ಬುಡಕ್ಕೆ ಬಂದು ವಾಪಸ್ಸು ಹೋಯಿತಂತೆ. ಡಾಕ್ಟರು ಹೇಳಿದ್ದಾರೆ, ನಾಳೆ ತಪ್ಪುವಂತಿಲ್ಲ.

ಹೆದ್ದಾರಿ ತೆರೆದಿದೆ. ಉಳಿದಿರುವುದು ನನ್ನ ಗುಡ್ಡ.

ಜನವರಿ 25, ಶನಿವಾರ. ಮಧ್ಯಾಹ್ನ 2

ಅಕ್ಷರ ನೆಟ್ಟಗೆ ಬರುತ್ತಿಲ್ಲ, ಇರಲಿ!

ಬೆಳಿಗ್ಗೆ ಏಳಕ್ಕೆ ಮಳೆ ನಿಂತಿತು. ಲಾರಿ ತುಂಬಾ ಮರಳು. ಬುಡದಲ್ಲಿ ತಿರುಗಿಸಿದೆ, ಗುಡ್ಡಕ್ಕೆ ಬೆನ್ನು. ಕ್ಲೇಟನ್ ಕೆಳಗೆ ನಿಂತು "ನಿಧಾನ ಕಣೇ, ನಿಧಾನ" ಅಂತ ಜಪ ಮಾಡುತ್ತಿದ್ದ. ರಿವರ್ಸ್ ಹಾಕಿ ಮರಳು ಬಿಟ್ಟೆ. ಎರಡೂ ಕನ್ನಡಿಯಲ್ಲಿ ಬರೀ ಬಿಳಿ. ಚಕ್ರದಡಿ ಕರಕರ ಸದ್ದು... ಅಷ್ಟು ಒಳ್ಳೆಯ ಸದ್ದು ನಾನು ಈ ಜನ್ಮದಲ್ಲಿ ಕೇಳಿಲ್ಲ! ಹೋದ ಸಲ ಜಾರಿದ ಜಾಗ ಬಂತು. ಕರಕರ. ದಾಟಿತು!

ತುದಿಯಲ್ಲಿ ಅವನ ಗೇಟು. ಆಚೆ ಅಂಗಳ ಪೂರ್ತಿ ಗಾಜು, ಮನೆವರೆಗೆ ನೂರಿಪ್ಪತ್ತು ಅಡಿ. ಮರ್ಟನ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮುಖ ಊದಿ ಬೂದಿ ಬಣ್ಣ. ಇದ್ದ ಉಸಿರೆಲ್ಲ ಸೇರಿಸಿ ಕೂಗಿದ — "ಅಲ್ಲೇ ನಿಲ್ಸು! ಅಲ್ಲಿಂದೀಚೆ ನನ್ನ ಜಾಗ!"

ಕೇಳಿಸಿತು. ನಿಲ್ಲಿಸಲಿಲ್ಲ. ಮರಳನ್ನೂ ನಿಲ್ಲಿಸಲಿಲ್ಲ. ಅಡುಗೆಮನೆ ಮೆಟ್ಟಿಲವರೆಗೂ ಹೋದೆ.

ಅವನನ್ನು ಕಾರಿಗೆ ಹತ್ತಿಸುವಾಗ ಬಾಯಿಂದ ಬಂದಿದ್ದು ಎರಡೇ ಮಾತು. "ಊರಿನ ಮರಳು..." ಮತ್ತೆ ಉಸಿರೆಳೆದುಕೊಂಡು, "ಊರಿನ ಮರಳು ಕಣೇ!"

"ಬದುಕಿ ಬಂದು ಬೈರಿ" ಅಂದೆ.

ನಾನು ಮುಂದೆ, ವರ್ನಾ ಕಾರು ಹಿಂದೆ, ಇಳಿದೆವು. ಈಗ ತಾನೇ ಆಸ್ಪತ್ರೆಯಿಂದ ಅವಳ ಫೋನು. ಮಷೀನಿಗೆ ಹಾಕಿದ್ದಾರೆ. ಉಸಿರು ಸರಾಗ. ನರ್ಸ್‌ಗಳ ಹತ್ತಿರ ನನ್ನನ್ನು ಬೈಯುತ್ತಿದ್ದಾನಂತೆ! ಬೈಯಲಿ, ಬೈಯಲಿ! ಕ್ಲೇಟನ್‌ನನ್ನು ಎತ್ತಿ ಒಂದು ಸುತ್ತು ತಿರುಗಿಸಲು ಹೋದೆ. ಎತ್ತಲಾಗಲಿಲ್ಲ.

ಫೆಬ್ರವರಿ 3, ಸೋಮವಾರ

ಊರ ಮಂಡಳಿಯ ಆರ್ಚರ್ ಬಂದಿದ್ದ. ಟೊಪ್ಪಿ ಕೂಡ ತೆಗೆಯಲಿಲ್ಲ. "ಟೋಜಿಯರ್ ಅಂಗಳದಲ್ಲಿ ಊರಿನ ಮರಳು ಬಿದ್ದಿದೆ ಅಂತ ಜನ ಮಾತಾಡ್ಕೋತಿದಾರೆ. ಸಭೇಲಿ ಕೇಳ್ಲೇಬೇಕಾಗುತ್ತೆ ರೊವೀನಾ."

"ಆ ಮನುಷ್ಯ ಸಾಯ್ತಿದ್ದ ಆರ್ಚರ್."

"ನಂಗೊತ್ತು. ಆದ್ರೆ ನಾಳೆ ಎಲ್ಲರೂ ನಮಗೂ ಹಾಕಿ ಅಂತಾರೆ."

ಅವನು ಹೇಳಿದ್ದು ತಪ್ಪಲ್ಲ. ಅದಕ್ಕೇ ಸಿಟ್ಟು ಜಾಸ್ತಿ. ಮಾರ್ಚ್‌ನಲ್ಲಿ ಮತ್ತೆ ಚುನಾವಣೆ. ಈ ಕೆಲಸ ನನಗೆ ಬೇಕು. ತಮಾಷೆಗೆ ಸಿಕ್ಕಿದ್ದು, ಈಗ ಬೇಕೇ ಬೇಕು.

ಮಾರ್ಚ್ 24, ಸೋಮವಾರ. ಸಂಜೆ 7.20

ಊರ ಸಭೆ. ಹಾಲ್‌ನಲ್ಲೇ ಕೂತು ತೊಡೆ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದೆ ಒಡೆಯುತ್ತದೆ. ವರ್ನಾ ಬಂದಿದ್ದಾಳೆ, ಪಕ್ಕದ ಕುರ್ಚಿ ಖಾಲಿ.

ಆರ್ಚರ್ ಕೇಳಿಯೇ ಬಿಟ್ಟ. ಎದ್ದು ನಿಂತೆ. "ಹಾಕಿದ್ದು ನಿಜ. ಗೊತ್ತಿದ್ದೇ ಹಾಕಿದೆ. ಅಂಥದ್ದೇ ದಿನ ಬಂದ್ರೆ ಮತ್ತೆ ಹಾಕ್ತೀನಿ." ಕೂತೆ. ಈ ಕೊನೆಯ ಮಾತು ಬೇಡವಾಗಿತ್ತೇನೋ...

7.35

ಬಾಗಿಲು ದಡಾರನೆ ತೆರೆಯಿತು. ಮರ್ಟನ್! ಬೂಟಿನ ತುಂಬಾ ಕೆಸರು, ಎರಡೂ ಕೈಯಲ್ಲಿ ಒಂದೊಂದು ಬಕೆಟ್. ನೆಟ್ಟಗೆ ಮುಂದಕ್ಕೆ ಬಂದ.

"ನನ್ನ ಅಂಗಳದಲ್ಲಿ ಗುಡಿಸಿದ್ದು. ಊರಿಂದು. ಹಿಮ ಇವತ್ತು ಪೂರ್ತಿ ಕರಗ್ತು, ಅದಕ್ಕೇ ತಡ."

"ಕೆಳಗಿಡಿ ಮರ್ಟನ್, ಭಾರ ಇದೆ" ಅಂದ ಆರ್ಚರ್.

"ಇಡಲ್ಲ. ಇದು ಶೆಡ್ಡಿಗೆ ಸೇರಬೇಕಾದ್ದು." ಉಸಿರು ತೆಗೆದುಕೊಂಡ. "ಇನ್ನೂ ನಲವತ್ತು ಬಕೆಟ್ ಬಿದ್ದಿದೆ. ಒಂದ್ಸಲಕ್ಕೆ ಎರಡೇ ತರ್ತೀನಿ, ನಿಯಮ ಅಂದ್ರೆ ನಿಯಮ. ಮಂಗಳವಾರ, ಗುರುವಾರ, ಶನಿವಾರ. ಹೇಗೂ ಆ ದಾರೀಲೇ ಡಯಾಲಿಸಿಸ್‌ಗೆ ಹೋಗ್ತೀನಲ್ಲ."

ಅವನ ಬಾಯಿಂದಲೇ! ಇಡೀ ಊರಿನ ಎದುರು! ವರ್ನಾ ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ಕಣ್ಣು ಮಂಜು, ಸಾಲು ಕಾಣುತ್ತಿಲ್ಲ.

ಈಗ ರೋಡ್ ಕಮಿಷನರ್ ಚುನಾವಣೆ. ಆರ್ಚರ್ ಕೂಗುತ್ತಿದ್ದಾನೆ, ರೊವೀನಾ ಪರ ಇರುವವರು ಕೈ ಎತ್ತಿ ಅಂತ. ತಲೆ ಎತ್ತಬಾರದು ಅಂದುಕೊಂಡಿದ್ದೆ. ಎತ್ತಿದೆ.

ಮರ್ಟನ್ ಬಲಗೈ ಬಕೆಟ್ ಕೆಳಗಿಟ್ಟ —